ಎಲ್ಲರಿಗೂ ಒಂದೇ ಟೇಪು

ಚಿರಂತ್, ಸಿಂಚನಾ, ನೀವು ಹುಟ್ಟುವ ಮೊದಲು ಹೊಸಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಅವಳ ಬೆರಳ ತುದಿಗಳು ಸದಾ ಶೇಂಗಾ ಚಟ್ನಿಪುಡಿಯಿಂದ ಕೆಂಪಗಿರುತ್ತಿದ್ದವು. ಕಂಪ್ಯೂಟರಿನ ಗುಂಡಿಗಳೂ ಕೆಂಪಗೆ. ನಕ್ಕರೆ ಬೀದಿಯ ತುದಿಗೆ ಕೇಳುತ್ತಿತ್ತು.

ನಿಮ್ಮ ತಾತ ಹೋದ ಮೇಲೆ ನಾನು ರವಿಕೆ ಹೊಲಿದು ಸಂಸಾರ ನಡೆಸುತ್ತಿದ್ದೆ. ಹಳ್ಳಿಶಾಲೆಯಲ್ಲಿ ಓದಿದವಳು, ಮಾತು ಕಡಿಮೆ. ಬಟ್ಟೆ ತಂದವರು "ಒಂದು ಮೀಟರ್ ಇದೆ" ಅಂದರೆ ಹೂಂ ಅನ್ನುತ್ತಿದ್ದೆ. ಎದುರಿಗೇ ಅಳೆದರೆ ಅವರ ಮಾತನ್ನು ಸುಳ್ಳೆಂದಂತೆ ಆದೀತೆಂಬ ಸಂಕೋಚ. ಕತ್ತರಿಸಿದ ಮೇಲೆ ತೋಳಿಗೆ ಸಾಲದಿದ್ದರೆ ಬೈಗುಳ ನನಗೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋಗತೊಡಗಿದ್ದರು.

ಹಾಗೊಮ್ಮೆ ಬೈಸಿಕೊಂಡು ಕೂತಿದ್ದಾಗ ಅವಳು ಮೆಟ್ಟಿಲಿಳಿದು ಬಂದಳು.

"ಅಳತಿ ಮಾಡಿರಲಿಲ್ಲೇನ್ರಿ ಅಕ್ಕಾರ?"

"ಅವ್ರೇ ಹೇಳಿದ್ರಲ್ಲಮ್ಮ."

"ಅಯ್ಯ! ನನ್ನ ಕೆಲಸಾನೂ ಇದ ಅಲ್ರಿ!"

ಕಂಪ್ಯೂಟರಿನ ತೀರ ಒಳಗೆ ಕರ್ನೆಲ್ ಎಂಬ ಯಜಮಾನನಿರುತ್ತಾನಂತೆ. ಅವನು ಹೇಗೆ ನಡೆದುಕೊಳ್ಳಬೇಕೆಂದು ಬರೆಯುವುದು ಅವಳ ಕೆಲಸ. ಹೊರಗಿನ ಪ್ರೋಗ್ರಾಮುಗಳು 'ನನ್ನ ಸಾಮಾನು ಇಷ್ಟುದ್ದ, ಒಳಗಿಟ್ಟುಕೋ' ಎನ್ನುತ್ತವೆ. ಆ ಉದ್ದ ತನ್ನ ಜಾಗದಲ್ಲಿ ಹಿಡಿಸುತ್ತದೆಯೇ ಎಂದು ಅವನು ನೋಡದೆ ತುಂಬಿಕೊಂಡರೆ ಅದು ಪಕ್ಕದ ಜಾಗವನ್ನೂ ಕೆಡಿಸಿ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದಂತೆ.

"ಒಮ್ಮೆ ಗೆಳತಿ ಬರೆದ ಪ್ರೋಗ್ರಾಂ ಅಂತ ಅಳತಿ ನೋಡದ ಬಿಟ್ಟೆರಿ. ಆಫೀಸಿನ್ಯಾಗ ಎಲ್ಲಾರ ಮುಂದ ಮಷೀನು ಮಲಗೇಬಿಡ್ತು! ಅಳತಿ ಮಾಡೂದು ಅಂದ್ರ ಅನುಮಾನ ಅಲ್ರಿ, ಕೆಲಸ. ಎಲ್ಲಾರಿಗೂ ಒಂದ ಟೇಪು."

ಮರುದಿನ ಬಟ್ಟೆ ತಂದಾಕೆಯ ಎದುರೇ ಟೇಪು ಬಿಚ್ಚಿದೆ.

"ಏನ್ರೀ, ನನ್ ಮೇಲೆ ನಂಬಿಕೆ ಇಲ್ವಾ?"

"ಎಲ್ರುದ್ದೂ ಅಳೀತೀನಮ್ಮ" ಎಂದೆ. ಆಕೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಟ್ಟರು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯ! ನಿಧಾನಕ್ಕೆ ಹಳೆಯ ಗಿರಾಕಿಗಳೂ ಮರಳಿದರು.

ಅವಳ ಮದುವೆ ನಿಶ್ಚಯವಾದಾಗ ಇಳಕಲ್ ಸೀರೆಗೆ ಒಪ್ಪುವ ಕೆಂಪು ಖಣ, ಅಂದರೆ ರವಿಕೆ ಬಟ್ಟೆ, ತಂದಳು. "ತೋಳು ಮೊಣಕೈ ತನಕ ಬರಬೇಕ್ರಿ. ಮೀಟರ್ ಪಕ್ಕಾ ಅದ, ನಮ್ಮವ್ವನ ಕೊಟ್ಟಾಳ."

ನಾನು ಟೇಪು ಎಳೆದೆ. ಒಂದು ಗೇಣು ಕಡಿಮೆ!

"ನನಗೂ ಅಳತೀನ?"

"ಎಲ್ಲಾರಿಗೂ ಒಂದ ಟೇಪು" ಎಂದು ಅವಳ ರಾಗದಲ್ಲೇ ಹೇಳಿದೆ. ಅವಳು ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದುರು ಮನೆಯವರು ಕಿಟಕಿ ತೆರೆದರು. ತೋಳಿಗೆ ಬೇರೆ ಅಂಚು ಕೂಡಿಸಿ ಹೊಲಿದುಕೊಟ್ಟೆ. ಅದನ್ನೇ ತೊಟ್ಟು ಮದುವೆಯಾದಳು.

ನಿಮ್ಮಪ್ಪ ಓದಿದ್ದು ಆ ಹೊಲಿಗೆಯಿಂದ. ಹೊಲಿಗೆ ಉಳಿದದ್ದು ಅವಳಿಂದ. ಮಕ್ಕಳೇ, ಈ ಹಾಳೆಗಳನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಆ ಟೇಪಿನ ಜೊತೆಗೇ ಇಡಿ. ಮಿಷನ್ನಿನ ಎಣ್ಣೆ ತಾಗದಂತೆ ನೋಡಿಕೊಳ್ಳಿ.