ಮೇಲಿನ ಮನೆಯ ಅಣ್ಣತಮ್ಮಂದಿರು

"ತಪ್ಪೇ ಮಾಡದವನಿಗೆ ನಾಚಿಕೆ ಯಾಕಾಗುತ್ತೆ ಸಾರ್? ಇಷ್ಟೆಲ್ಲ ಓದಿದೋರು ನೀವು, ಹೇಳಿ ನೋಡೋಣ."

ನಮ್ಮ ಮೇಲಿನ ಮನೆಯ ಡ್ರೈವರ್ ನನ್ನನ್ನು ಹೀಗೆ ಕೇಳಿದ್ದು, ಕನ್ನಡಕದ ಅಂಗಡಿಯ ಅಣ್ಣ ತೀರಿಕೊಂಡ ಮೇಲೆ, ಕಟ್ಟಡದ ಮೆಟ್ಟಿಲ ಮೇಲೆ ಕೂತು. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಗುಂಪಿನಿಂದ ಹೊರಬೀಳುವ ಭಯವೇ ನಾಚಿಕೆಯ ಬೇರು ಎಂಬ ವಾದವನ್ನು ನಾನು ಓದಿದ್ದೆ. ಅರ್ಧ ಹೇಳಿ ನಿಲ್ಲಿಸಿದೆ. ಆಧಾರಕ್ಕಿಂತ ಅಂದಾಜೇ ಹೆಚ್ಚಿರುವ ವಾದ ಅದು; ಮೇಲಾಗಿ ಅವರು ಕೇಳಿದ್ದು ಒಬ್ಬನೇ ಒಬ್ಬ ಮನುಷ್ಯನ ಬಗ್ಗೆ.

ಆ ಮನುಷ್ಯ ದಿನವಿಡೀ ಕಣ್ಣುಗಳೊಂದಿಗೇ ವ್ಯವಹರಿಸುತ್ತಿದ್ದರೂ ಯಾರ ಕಣ್ಣನ್ನೂ ನೇರವಾಗಿ ನೋಡಿದವರಲ್ಲ. ಕನ್ನಡಕ ಕೂರಿಸುವಾಗ ಅವರ ದೃಷ್ಟಿ ನಮ್ಮ ಕಿವಿಯ ಮೇಲಿರುತ್ತಿತ್ತು. "ನಿಮ್ಮ ಬಲಗಿವಿ ಒಂದು ಚೂರು ಮೇಲಿದೆ. ಕೂರಿಸಿದವನು ಆತುರದಲ್ಲಿದ್ದ ಅಂತ ಕಾಣುತ್ತೆ" ಎನ್ನುತ್ತ ಕಡ್ಡಿಯನ್ನು ಬಿಸಿಗೆ ಹಿಡಿದು ಬಗ್ಗಿಸುತ್ತಿದ್ದರು. ಹೊಗಳಿದರೆ ಸಾಕು, ಒಳಗಿನ ಕತ್ತಲೆ ಕೋಣೆಗೆ ಏನೋ ತರುವವರಂತೆ ಹೋಗಿಬಿಡುತ್ತಿದ್ದರು.

ಅವರೂ ಸಿಟಿ ಬಸ್ಸಿನ ಡ್ರೈವರೂ ಮೇಲಿನ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಸಂಬಂಧವಿಲ್ಲದ ಇಬ್ಬರು ಗಂಡಸರಿಗೆ ಮನೆ ಕೊಡಲು ಮಾಲೀಕರು ಹಿಂದೆಮುಂದೆ ನೋಡಿದ್ದರಂತೆ. ಆಗ ಅಂಗಡಿಯವರ ಬಾಯಿಂದ ಬಂದದ್ದು ಒಂದೇ ಮಾತು: "ನನ್ನ ತಮ್ಮ." ಅಂದಿನಿಂದ ಕಟ್ಟಡಕ್ಕೆಲ್ಲ ಒಬ್ಬರು ಅಣ್ಣ, ಇನ್ನೊಬ್ಬರು ತಮ್ಮ. ಗೋಡೆಯ ಮೇಲೆ ಅಣ್ಣನ ತಾಯಿಯ ಫೋಟೋ ಇತ್ತು. ಎದುರು ಮನೆಯಲ್ಲಿದ್ದ ನನ್ನ ಚಿಕ್ಕಮ್ಮ ಅದನ್ನು ನೋಡಿದಾಗಲೆಲ್ಲ, "ಚಿಕ್ಕೋನ ಮೂಗು ನೋಡು, ತಾಯಿಯ ಮೂಗನ್ನೇ ಕಿತ್ತು ಇಟ್ಟ ಹಾಗಿದೆ" ಎನ್ನುತ್ತಿದ್ದಳು. ಆ ತಾಯಿಯನ್ನು ಡ್ರೈವರ್ ಕಂಡೇ ಇರಲಿಲ್ಲ. ನೋಡಬೇಕೆಂದು ಹೊರಟ ಕಣ್ಣಿಗೆ ಎಲ್ಲವೂ ಕಾಣಿಸುತ್ತದೆ.

ಹೇಳುತ್ತ ಹೇಳುತ್ತ ಸುಳ್ಳಿಗೆ ರೂಢಿಯ ಬಲ ಬಂತು. ಬಾಗಿಲು ಹಾಕಿದ ಮೇಲೂ ಡ್ರೈವರ್ "ಅಣ್ಣ" ಎಂದೇ ಕರೆಯುತ್ತಿದ್ದರಂತೆ. "ಹೆಸರು ಹಿಡಿದು ಕರೆದ್ರೆ ಬೇರೆ ಯಾರನ್ನೋ ಕರೆದ ಹಾಗಾಗೋದು ಸಾರ್" ಎಂದು ಆಮೇಲೆ ನನಗೆ ಹೇಳಿದರು.

ಸಮಾನ ಹಕ್ಕಿಗಾಗಿ ಸಲಿಂಗಿಗಳು ಹೊರಡಿಸಿದ ಮೆರವಣಿಗೆಯನ್ನು ಅವರು ಮೊದಲು ಕಂಡದ್ದು ಬಸ್ಸಿನ ಗಾಜಿನೊಳಗಿಂದ. ರಸ್ತೆ ತುಂಬ ಬಣ್ಣದ ಬಾವುಟ, ತಮಟೆಯ ಸದ್ದು. ಬಸ್ಸು ಅಲ್ಲೇ ನಿಂತುಬಿಟ್ಟಿತು. "ಇವರಿಗೇನು ಬೇರೆ ಕೆಲಸ ಇಲ್ವಾ ಡ್ರೈವರೇ?" ಎಂದು ಹಿಂದಿನಿಂದ ಯಾರೋ ಗೊಣಗಿದರು. "ಸದ್ಯಕ್ಕೆ ನನಗೂ ಇಲ್ಲ, ಎಂಜಿನ್ ಆಫ್ ಮಾಡಿದೀನಿ" ಎಂದರಂತೆ ಇವರು. ಆ ಸಂಜೆ ಮನೆಯಲ್ಲಿ ಮೆರವಣಿಗೆಯ ಸುದ್ದಿ ಎತ್ತಿದಾಗ ಅಣ್ಣ ರೇಡಿಯೋದ ಸದ್ದು ಹೆಚ್ಚಿಸಿದರು.

ವರ್ಷಗಳ ಹೋರಾಟದ ನಂತರ ಕಾನೂನು ಬದಲಾಯಿತು. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಮದುವೆ ನೋಂದಾಯಿಸಿಕೊಳ್ಳಬಹುದೆಂದಾಯಿತು. ಡ್ರೈವರ್ ಕಾಡಿಬೇಡಿ ಅಣ್ಣನಿಂದ ಅರ್ಜಿಗೆ ಸಹಿ ಹಾಕಿಸಿದರು. ಯಾರದಾದರೂ ತಕರಾರಿದ್ದರೆ ಹೇಳಲೆಂದು ಇಬ್ಬರ ಹೆಸರನ್ನೂ ನೋಂದಣಿ ಕಚೇರಿಯ ಹಲಗೆಗೆ ಅಂಟಿಸುವುದು ನಿಯಮ. ಮನೆ ಪತ್ರದ ವಿಚಾರಕ್ಕೆ ಅಲ್ಲಿಗೆ ಹೋಗಿದ್ದ ಚಿಕ್ಕಮ್ಮನ ಕಣ್ಣಿಗೆ ಅದು ಬಿತ್ತು, ಅದೂ ಅಣ್ಣನೇ ಮಾಡಿಕೊಟ್ಟ ಕನ್ನಡಕದಿಂದ.

ಅವಳಿಗೆ ಸಿಟ್ಟು ಬಂದದ್ದು ಇವರ ಮೇಲಲ್ಲ. "ಯಾವನೋ ಮನೆಹಾಳ ಮಾಡಿರೋ ಕೆಲಸ ಇದು! ಒಡಹುಟ್ಟಿದೋರ ಹೆಸರು ಹೀಗೆ ಬೀದಿಗೆ ಹಾಕೋದಾ? ಪಾಪ, ತಲೆ ತಗ್ಗಿಸಿ ಓಡಾಡೋ ಜನ" ಎಂದು ಅಲ್ಲೇ ಕೂತು ತಕರಾರು ಬರೆದುಕೊಟ್ಟಳು. ಅವಳ ಮಟ್ಟಿಗೆ ಅದು ಉಪಕಾರ.

ವಿಚಾರಣೆಯ ದಿನ ಅವಳ ಜೊತೆಗೆ ನಾನೂ ಹೋಗಿದ್ದೆ. ಅಧಿಕಾರಿ ಸಂಭಾವಿತ ವ್ಯಕ್ತಿ. ಕುರ್ಚಿ ಕೊಟ್ಟು ಕೂರಿಸಿ ಕೇಳಿದರು.

"ಈ ತಾಯಿ ನಿಮ್ಮನ್ನ ಅಣ್ಣತಮ್ಮಂದಿರು ಅಂತಾರೆ. ಅಲ್ಲ ಅನ್ನೋದಾದ್ರೆ ಒಂದು ಮಾತು ಹೇಳಿ, ನಿಮ್ಮನ್ನ ಬಲ್ಲ ಒಬ್ಬರ ಕೈಲಿ ಸಾಕ್ಷಿ ಹೇಳಿಸಿ. ತಕರಾರು ಬಿದ್ದುಹೋಗುತ್ತೆ."

"ಹೇಳಪ್ಪಾ, ಹೆದರಬೇಡ, ನಾನಿದೀನಿ" ಎಂದಳು ಚಿಕ್ಕಮ್ಮ.

ಡ್ರೈವರ್ ಅಣ್ಣನ ಕಡೆ ತಿರುಗಿದರು. ಆ ಒಂದು ಮಾತು ಅಣ್ಣನ ಬಾಯಿಂದಲೇ ಬರಬೇಕೆಂದು ಅವರಿಗಿತ್ತು. ಅಣ್ಣನ ಕುತ್ತಿಗೆ ಕೆಂಪೇರಿ, ಆ ಕೆಂಪು ಕಿವಿಯವರೆಗೆ ಹತ್ತಿತು. ಮೇಜಿನ ಅಂಚನ್ನು ನೋಡುತ್ತ ಹೇಳಿದರು:

"ಹೌದು. ನನ್ನ ತಮ್ಮ. ಯಾರೋ ತಮಾಷೆ ಮಾಡಿದಾರೆ."

"ಹಾಗಾದ್ರೆ ಈ ಸಹಿ?"

"ನಂದಲ್ಲ."

"ನಾನು ಹೇಳ್ಲಿಲ್ವಾ!" ಎಂದು ಚಿಕ್ಕಮ್ಮ ಎದ್ದು ನಿಂತಳು. ಹೊರಗೆ ಬಂದ ಮೇಲೆ ಅಣ್ಣ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಹಿಂದಿನಿಂದ ನೋಡಿದರೆ ಕದ್ದು ಸಿಕ್ಕಿಬಿದ್ದವರ ನಡಿಗೆ. ನನಗೆ ಆಗಲೇ ಎಲ್ಲವೂ ಅರ್ಥವಾಯಿತು. ಚಿಕ್ಕಮ್ಮನಿಗೆ ಅರ್ಥವಾದದ್ದು ತಿಂಗಳುಗಳ ನಂತರ, ಮೆರವಣಿಗೆಯ ದಿನ.

ಆ ವರ್ಷ ಡ್ರೈವರ್ ರಜೆ ಹಾಕಿ ಮೆರವಣಿಗೆಯಲ್ಲಿ ನಡೆದರು. ದಾರಿ ನಮ್ಮ ಕಟ್ಟಡದ ಎದುರಿಗಿದ್ದ ಕನ್ನಡಕದ ಅಂಗಡಿಯ ಮುಂದೆಯೇ. ಅಣ್ಣ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎಳೆದು ಒಳಗೆ ಕೂತಿದ್ದರು. ಒಳಗಿನವರಿಗೆ ಬರೀ ಕಾಲುಗಳು ಕಾಣುವಷ್ಟು ಸಂದು. "ನನ್ನ ಡ್ಯೂಟಿ ಶೂ ಗುರುತು ಸಿಕ್ಕಿರಬೇಕು ಸಾರ್. ಶಟರ್ ಹತ್ತಿರಾನೇ ನಿಂತೆ. ಅವರ ಚಪ್ಪಲಿ ಬಾಗಿಲ ತನಕ ಬಂತು. ಅಲ್ಲೇ ನಿಂತುಬಿಡ್ತು." ಬಾಲ್ಕನಿಯಿಂದ ಮೆರವಣಿಗೆ ನೋಡುತ್ತಿದ್ದ ಚಿಕ್ಕಮ್ಮ ಡ್ರೈವರ್ ಕೈಯಲ್ಲಿದ್ದ ಬಾವುಟವನ್ನೂ ಕೆಳಗೆ ಅರ್ಧ ಮುಚ್ಚಿದ ಶಟರನ್ನೂ ಕಂಡಳು. ನನ್ನ ಕಡೆ ತಿರುಗಿ, "ನಾನೇ ಕಲ್ಲು ಹಾಕಿದೆನಲ್ಲೋ" ಎಂದಳು. ಮರುದಿನ ಕ್ಷಮೆ ಕೇಳಲು ಅಂಗಡಿಗೆ ಹೋದರೆ ಅಣ್ಣ ಅವಳ ಕನ್ನಡಕವನ್ನು ಕಿತ್ತುಕೊಂಡು ಒರೆಸತೊಡಗಿದರು. ಒರೆಸಿಯೇ ಒರೆಸಿದರು. ಅವಳು ಹೇಳಬೇಕಾದ್ದನ್ನು ನುಂಗಿಕೊಂಡು ಬಂದಳು.

ಇಬ್ಬರೂ ಬೇರೆಯಾಗಲಿಲ್ಲ. ಊಟ, ಔಷಧಿ, ಬಟ್ಟೆ ಒಣಹಾಕುವುದು ಎಲ್ಲವೂ ಮೊದಲಿನಂತೆಯೇ. ಡ್ರೈವರ್ ಮಾತ್ರ "ಅಣ್ಣ" ಎನ್ನುವುದನ್ನು ಬಿಟ್ಟರು. ಬದಲಿಗೆ ಏನೆಂದೂ ಕರೆಯಲಿಲ್ಲ. ಅಣ್ಣನ ಶ್ವಾಸಕೋಶ ಕೈಕೊಟ್ಟು ಆಸ್ಪತ್ರೆಗೆ ಸೇರಿದಾಗ ನರ್ಸ್ ಬಾಗಿಲಲ್ಲಿ ತಡೆದು ಕೇಳಿದಳು: "ನೀವು ಅವರಿಗೆ ಏನಾಗಬೇಕು?" ಒಳಗೆ ಹೋಗಬೇಕಿತ್ತು. "ತಮ್ಮ" ಎಂದರು ಡ್ರೈವರ್. ಆ ಮಾತು ಹೇಳುವಾಗ ಅಣ್ಣನಿಗಾದ ನಾಚಿಕೆ ತಮಗೂ ಆಯಿತೆಂದೂ, ಮಂಚದ ಮೇಲಿನಿಂದ ಅದನ್ನು ಕೇಳಿಸಿಕೊಂಡ ಅಣ್ಣ ಗೋಡೆಯ ಕಡೆ ಹೊರಳಿದರೆಂದೂ ನನಗೆ ಹೇಳಿದರು. ಮೂರನೆಯ ದಿನ ಅಣ್ಣ ಹೋದರು.

ಮೆಟ್ಟಿಲ ಮೇಲೆ ನನ್ನನ್ನು ಪ್ರಶ್ನೆ ಕೇಳಿದ್ದು ಅದಾದ ಮೇಲೆ. "ಒಬ್ಬರ ಮುಂದೆ, ಒಂದೇ ಒಂದು ಸಲ ಹೇಳಿದ್ರೆ ಸಾಕಿತ್ತು" ಎಂದೂ ಅಂದರು.

ಅಂಗಡಿ ಖಾಲಿ ಮಾಡುವ ದಿನ ಚೌಕಟ್ಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ಕೋಲು ತಟ್ಟುತ್ತ ಒಬ್ಬ ಮುದುಕಿ ಬಂದರು. ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಕಣ್ಣು ಪೂರ್ತಿ ಹೋದ ಮೇಲೂ ತಿಂಗಳಿಗೊಮ್ಮೆ ಬಂದು ಕೂತು ಹೋಗುತ್ತಿದ್ದರಂತೆ. ಸಾವಿನ ಸುದ್ದಿಯನ್ನು ಡ್ರೈವರೇ ಹೇಳಿದರು. ಮುದುಕಿ ಆ ದನಿ ಬಂದ ಕಡೆ ಮುಖ ತಿರುಗಿಸಿದರು.

"ಬಸ್ಸಿನೋರು ನೀವೇನಾ? ನೀವು ಅವರ ತಮ್ಮ ಅಲ್ಲ ಅಂತ ನನಗೆ ಹೇಳಿದ್ರು. ಒಳಗಿನ ಕೋಣೆಗೆ ಕರ್ಕೊಂಡು ಹೋಗಿ, ದೀಪ ಬೇರೆ ಆರಿಸಿದ್ರು, ನೋಡಿ! ನನಗೆ ದೀಪ ಇದ್ರೇನು, ಬಿಟ್ರೇನು?"

ಡ್ರೈವರ್ ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟರು. "ಯಾವಾಗಮ್ಮಾ?"

"ಆಸ್ಪತ್ರೆ ಸೇರೋಕೆ ಸ್ವಲ್ಪ ಮುಂಚೆ. ಮತ್ತೆ ಅರ್ಜಿ ಹಾಕ್ತೀನಿ, ಸಾಕ್ಷಿಗೆ ಬರ್ತೀರಾ ಅಂತ ಕೇಳಿದ್ರು, ಬರ್ತೀನಿ ಅಂದೆ. ಕಣ್ಣಿಲ್ಲದೋರ ಸಾಕ್ಷಿ ನಡೆಯುತ್ತಾ ಅಂತ ಅಷ್ಟರಲ್ಲಾಗಲೇ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ರು. ನಡೆಯುತ್ತೆ ಅಂದ್ರಂತೆ."