ರೆಕ್ಕೆಯ ಕೆಳಗಿನ ಸೊಟ್ಟ ‘ಟಿ’

ಗೆಳೆಯರೇ, ಇವತ್ತು ಕಂಟೋನ್ಮೆಂಟಿನ ಶೆಡ್ಡಿನಲ್ಲಿ ಒಂದು ಅಕ್ಷರಕ್ಕಾಗಿ ಇಬ್ಬರು ಮುದುಕರು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು. ಒಬ್ಬರು ನಮ್ಮ ಸೋದರಮಾವ, ಫ್ಲೈಯಿಂಗ್ ಕ್ಲಬ್ಬಿನ ಹಳೆಯ ಮೆಕ್ಯಾನಿಕ್. ಇನ್ನೊಬ್ಬರು ಕೌಲ್ ಬಜಾರಿನ ಖಾಜಾ ಸಾಬರು, ಲಾರಿಗಳಿಗೆ ನಂಬರು ಬರೆಯುವ ಪೇಂಟರ್.

ಕ್ಲಬ್ಬಿನ ಎರಡು ಸೀಟಿನ ಪುಟ್ಟ ವಿಮಾನವನ್ನು ಪ್ರದರ್ಶನಕ್ಕೆ ಸಜ್ಜು ಮಾಡುತ್ತಿದ್ದೇವೆ. ರೆಕ್ಕೆಯ ಕೆಳಗಿನ ಇಂಗ್ಲಿಷ್ ನೋಂದಣಿ ಅಕ್ಷರಗಳು ಮೊದಲಿನಂತೆಯೇ ಇರಬೇಕು. ಆದರೆ ಹಳೆಯ ಫೋಟೋದಲ್ಲಿ ‘ವಿ ಟಿ’ಯ ಟಿ ಎಡಕ್ಕೆ ವಾಲಿದೆ. ಅವತ್ತು ಬರೆದವರೂ ಸಾಬರೇ!

“ಅವಸರದಾಗ ಗೆರಿ ಹೊಡಿಯೋ ದಾರ ಹಿಡೀಲಾರ್ದ ಬರ್ದಿದ್ದೆ. ಇಷ್ಟು ವರ್ಷ ಎದಿಯಾಗ ಚುಚ್ಚಾಕ ಹತ್ತೈತಿ. ಈಗರ ನೆಟ್ಟಗ ಬರಿಯಾಕ ಬಿಡ್ರಿ,” ಎಂದರು ಸಾಬರು.

ಮಾವ ಕುಂಚಕ್ಕೆ ಕೈ ಅಡ್ಡ ಹಿಡಿದರು. “ನಾ ರಿಪೇರಿ ಮಾಡಿದ ವಿಮಾನ, ಸಾಬ್ರ. ಹಾರಿ ವಾಪಸ್ ಬರುವಾಗ ಮುಗಿಲಾಗ ಆ ಸೊಟ್ಟ ಟಿ ಕಂಡ ಮ್ಯಾಲೇ ಉಸಿರು ಬಿಡ್ತಿದ್ದೆ. ನೆಟ್ಟಗ ಮಾಡಿದ್ರ ಅದು ಯಾರದೋ ವಿಮಾನ ಆಗ್ತೈತಿ.”

ಟಿ ಜಗಳದಲ್ಲಿ ತರಿಸಿದ ಟೀ ಆರಿಹೋಯಿತು. ಸಾಬರು ಬಹಳ ಹೊತ್ತು ಫೋಟೋ ನೋಡಿ, ಸೊಟ್ಟಗೇ ಬರೆಯಲು ಒಪ್ಪಿ ಕುಂಚ ಎತ್ತಿಕೊಂಡರು. ಆದರೆ ಪಳಗಿದ ಕೈ, ಅಕ್ಷರ ನೆಟ್ಟಗೆ ಬಂತು. ಒರೆಸಿ ಬರೆದರೆ ಮತ್ತೂ ನೆಟ್ಟಗೆ! ಕೊನೆಗೆ ಸುಣ್ಣದ ದಾರ ಎಳೆದು, ಅಡಿಪಟ್ಟಿ ಇಟ್ಟು, ಸೊಟ್ಟನ್ನು ಅಳೆದು ಬರೆದರು. ರೆಕ್ಕೆಯ ಕೆಳಗೆ ನಿಂತು ಕತ್ತೆತ್ತಿ ನೋಡಿದ ಮಾವ ದೊಡ್ಡದೊಂದು ಉಸಿರು ಬಿಟ್ಟರು.

“ಆವಾಗ ಈ ತಪ್ಪು ಮಾಡಾಕ ಒಂದು ನಿಮಿಷ ಹಿಡಿದಿತ್ತು. ಇವತ್ತು ಮಧ್ಯಾಹ್ನ ಪೂರ್ತಿ ಹೋತು,” ಎಂದು ಸಾಬರು ಕುಂಚ ತೊಳೆದರು.

ಫೋಟೋ ಹಾಕಿದ್ದೇನೆ. “ಟಿ ಸೊಟ್ಟಗಿದೆ” ಎಂದು ಕಾಮೆಂಟ್ ಮಾಡುವವರು ದಯವಿಟ್ಟು ಕೌಲ್ ಬಜಾರಿಗೆ ಹೋಗಿ ಸಾಬರೆದುರೇ ಹೇಳಿ.