ಬ್ರೈಲ್ ಪಾಠದಾಗ ಕಾಪಿ

ಗೆಳತ್ಯಾರೇ, ಇವತ್ತ ನಾ ಕಾಪಿ ಹೊಡದು ಸಿಕ್ಕಬಿದ್ದೇನ್ರಿ, ಅದೂ ಕಣ್ಣು ಕಾಣದ ಗಂಡನ ಕೈಯಾಗ!

ನನ್ನ ಕಣ್ಣು ದಿನಾ ಮಬ್ಬಾಗಾಕತ್ತಾವ. ಪೂರ್ತಿ ಹೋಗೂದರೊಳಗ ಬ್ರೈಲ್ ಕಲೀರಿ ಅಂತ ಡಾಕ್ಟರು ಹೇಳ್ಯಾರ. ನಾ ನಾಕನೇ ಕ್ಲಾಸಿಗಿ ಸಾಲಿ ಬಿಟ್ಟಾಕಿ. ಕಲಿಯೂದು ಮುಗಿಯೂದರೊಳಗ ಕಣ್ಣ ಹೋಗಿಬಿಟ್ರ ಹೆಂಗ ಅಂತ ಒಂದ ಸಮನ ಅಂಜಿಕಿ. ಹುಟ್ಟಿದಾಗಿಂದ ಕಣ್ಣಿಲ್ಲದ ನಮ್ಮ ಯಜಮಾನ್ರೇ ಮನ್ಯಾಗ ನನಗ ಮಾಸ್ತರು.

ಇವತ್ತ ಅವರು ಉಬ್ಬು ಚುಕ್ಕಿ ಚುಚ್ಚಿ ಬರದ ಹಾಳಿ ಕೊಟ್ಟು "ಓದು" ಅಂದ್ರು. ಬೆರಳಿಗಿ ಜ್ವಾಳದ ಕಾಳು ಸವರಿದಂಗಷ್ಟ ಆತು. ಸುಮ್ಮನ ಕಿಡಕಿ ಬೆಳಕಿಗಿ ಹಿಡದು, ಚುಕ್ಕಿ ಎಣಿಸಿ, "ನಾಳೆ ಸಂತಿಗಿ ಹೋಗೂಣು" ಅಂತ ಓದಿಬಿಟ್ಟೆ.

"ಕಣ್ಣಿಲೆ ಓದಿದಿ," ಅಂದ್ರು.

"ನಿಮಗ ಹೆಂಗ ಗೊತ್ತಾತ್ರಿ?"

"ಕೈ ಆಡಿದ್ರ ಗಾಜಿನ ಬಳಿ ಸಪ್ಪಳ ಬರ್ತಿತ್ತು. ಬರಲೇ ಇಲ್ಲ."

ಎರಡನೇ ಸಾಲು ಕಣ್ಣಿಲೇ ಓದಕೋತ ಬಳಿ ಜೋರಾಗಿ ಅಲ್ಲಾಡಿಸಿದೆ.

"ಓದಾಕತ್ತಿಯೋ, ರೊಟ್ಟಿ ಬಡ್ಯಾಕತ್ತಿಯೋ?" ಅಂತ ನಕ್ಕು, ತಮ್ಮ ಟಾವೆಲ್ಲಿಲೆ ನನ್ನ ಕಣ್ಣು ಕಟ್ಟಿದ್ರು.

ಅರ್ಧ ತಾಸಿಗೆ ಬೆರಳಿಗಿ ಒಂದ ಅಕ್ಷರ ಹತ್ತಿತು. ಕಣ್ಣು ಹೋಗ್ತಾವ ಅಂತ ಇಷ್ಟ ದಿನ ಅಳತಿದ್ದೆ. ಈಗ ಈ ಕಣ್ಣು ಇರೂತನಾ ನಾ ಪಾಸಾಗಂಗಿಲ್ಲ ಅಂತ ಬ್ಯಾರೆ ಚಿಂತಿ ಹತ್ತೇತಿ ನೋಡ್ರಿ.